ಉಬುಂಟು ಹಾಕಿದ ಮೇಲೆ ಕಪ್ಪು ತೆರೆಯಲ್ಲಿ ‘ಗ್ರಬ್>’ ಮಾತ್ರ ಕಾಣುತ್ತಿದೆ

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇತ್ತು. ಎರಡನೇ ಎಸ್‌ಎಸ್‌ಡಿ ಸೇರಿಸಿ ಅದರಲ್ಲಿ ಉಬುಂಟು 24.04 ಹಾಕಿದೆ. ಪಾರ್ಟಿಷನ್ ಅಳತೆ ತಪ್ಪಿತೆಂದು ಫಾರ್ಮ್ಯಾಟ್ ಮಾಡಿ ಇನ್ನೊಮ್ಮೆ ಹಾಕಿದೆ. ಈಗ ಆನ್ ಮಾಡಿದರೆ ‘ಗ್ರಬ್>’ ಎಂದಷ್ಟೇ ಬಂದು ನಿಲ್ಲುತ್ತದೆ. ಅಂಗಡಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ದಯವಿಟ್ಟು ಏನನ್ನೂ ಅಳಿಸಬೇಡಿ. ‘ಗ್ರಬ್>’ ಕಾಣುತ್ತಿದೆ ಎಂದರೆ ಗ್ರಬ್ ಎಂಬ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮ್ ಅನ್ನು ಏಳಿಸುವ ಪುಟ್ಟ ಪ್ರೋಗ್ರಾಮ್) ಏಳುತ್ತಿದೆ, ಮುಂದೆ ಓದಬೇಕಾದ ಕಡತ ಅದಕ್ಕೆ ಸಿಗುತ್ತಿಲ್ಲ, ಅಷ್ಟೇ. ವಿಂಡೋಸ್ ಕ್ಷೇಮವೇ ಎಂದು ಮೊದಲು ನೋಡಿಕೊಳ್ಳಿ. ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತಿ (ಡೆಲ್, ಲೆನೊವೊ: ಎಫ್12, ಎಚ್‌ಪಿ: ಎಫ್9), ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿದರೆ ಗಾಬರಿ ಬೇಡ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್‌ಗೆ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಅದು ಅದೇ ಖಾತೆಯಲ್ಲಿ ಉಳಿದಿರುತ್ತದೆ.

ಈಗ ಕಾರಣ. ಯುಇಎಫ್‌ಐ (ಹಳೆಯ ಬಯೋಸ್ ಬದಲಿಗೆ ಬಂದ ಆರಂಭಿಕ ತಂತ್ರಾಂಶ) ಇರುವ ಯಂತ್ರದಲ್ಲಿ ಬೂಟ್‌ಲೋಡರ್ ಇರುವುದು ಇಎಫ್‌ಐ ಎಂಬ ಚಿಕ್ಕ ಫ್ಯಾಟ್32 ಪಾರ್ಟಿಷನ್ನಿನಲ್ಲಿ. ಉಬುಂಟು ಅಲ್ಲಿ ಮೂರೇ ಸಾಲಿನ ಒಂದು ಕಡತ ಇಡುತ್ತದೆ: ಇಂಥ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಇರುವ ಪಾರ್ಟಿಷನ್ ಹುಡುಕು, ಅದರ ಬೂಟ್ ಫೋಲ್ಡರಿಗೆ ಹೋಗು, ಅಲ್ಲಿನ ಮೆನು ತೆರೆ. ಫಾರ್ಮ್ಯಾಟ್ ಮಾಡಿದಾಗ ಪಾರ್ಟಿಷನ್ನಿಗೆ ಹೊಸ ಯುಯುಐಡಿ ಬರುತ್ತದೆ. ಎರಡು ಡಿಸ್ಕ್ ಇರುವಲ್ಲಿ ಮೊದಲ ಸಲದ ಕಡತ ವಿಂಡೋಸ್ ಡಿಸ್ಕಿನ ಇಎಫ್‌ಐಯಲ್ಲೂ, ಎರಡನೆಯದು ಹೊಸ ಡಿಸ್ಕಿನ ಇಎಫ್‌ಐಯಲ್ಲೂ ಕೂತಿರಬಹುದು. ಯಂತ್ರ ಹಳೆಯದನ್ನೇ ಎತ್ತಿಕೊಂಡರೆ ಅದು ಇಲ್ಲದ ಪಾರ್ಟಿಷನ್ನಿಗಾಗಿ ಹುಡುಕಾಡಿ ಸುಮ್ಮನಾಗುತ್ತದೆ. ಬೂಟ್ ಮೆನುವಿನಲ್ಲಿ ‘ಉಬುಂಟು’ ಎರಡು ಸಲ ಕಂಡರೆ ಇದೇ ಕಾರಣ ಎನ್ನಬಹುದು. ಇನ್ನೊಂದನ್ನು ಆರಿಸಿ ನೋಡಿ.

ಅದೂ ಏಳದಿದ್ದರೆ, ಉಬುಂಟು ಹಾಕಲು ಬಳಸಿದ ಪೆನ್‌ಡ್ರೈವ್ ಇನ್ನೂ ಇದ್ದರೆ ತೆಗೆದುಬಿಡಿ, ಅದಿದ್ದರೆ ಡಿಸ್ಕ್ ಸಂಖ್ಯೆ ಬದಲಾಗುತ್ತದೆ. ಇಲ್ಲಿ ಉಚ್ಚಾರದಂತೆ ಬರೆದ ಆದೇಶಗಳನ್ನು ಅದೇ ಗ್ರಬ್ ತೆರೆಯಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ‘ಎಲ್‌ಎಸ್’ ಎಂದರೆ (ಎಚ್‌ಡಿ0,ಜಿಪಿಟಿ1), (ಎಚ್‌ಡಿ1,ಜಿಪಿಟಿ2) ಎಂಬಂತೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಒಂದೊಂದನ್ನೂ ‘ಎಲ್‌ಎಸ್ (ಎಚ್‌ಡಿ1,ಜಿಪಿಟಿ2)/’ ಎಂದು ತೆರೆದು ನೋಡಿ. ಕೊನೆಯ ಓರೆಗೆರೆ ಮರೆಯಬೇಡಿ. ಬೂಟ್, ಇಟಿಸಿ, ಹೋಮ್ ಫೋಲ್ಡರುಗಳು ಕಂಡದ್ದೇ ಉಬುಂಟು. ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದರೆ ಮುಂದಿನದಕ್ಕೆ ಹೋಗಿ. ಸಿಕ್ಕಿದ ಮೇಲೆ:

ಕಾನ್ಫಿಗ್‌ಫೈಲ್ (ಎಚ್‌ಡಿ1,ಜಿಪಿಟಿ2)/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ

ಮೆನು ಮೂಡುತ್ತದೆ, ಉಬುಂಟು ಏಳುತ್ತದೆ. ಆದರೆ ಇದು ಈ ಸಲಕ್ಕೆ ಮಾತ್ರ. ಕಾಯಂ ಮಾಡಲು ಟರ್ಮಿನಲ್‌ನಲ್ಲಿ ‘ಸುಡೊ ಗ್ರಬ್-ಇನ್‌ಸ್ಟಾಲ್’, ಆಮೇಲೆ ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಮೊದಲನೆಯದು ‘ನೋ ಎರರ್ ರಿಪೋರ್ಟೆಡ್’ ಎನ್ನಬೇಕು. ಅದು ಹೊಸ ನಮೂದು ಬರೆದು ಬೂಟ್ ಸರದಿಯಲ್ಲಿ ಮೊದಲಿಗೆ ಇಡುತ್ತದೆ. ಹಳೆಯ ನಮೂದು ಉಳಿದಿದೆಯೇ ಎಂದು ‘ಇಎಫ್‌ಐಬೂಟ್‌ಎಂಜಿಆರ್’ ತೋರಿಸುತ್ತದೆ. ಇಎಫ್‌ಐಯಲ್ಲಿರುವ ‘ಮೈಕ್ರೋಸಾಫ್ಟ್’ ಫೋಲ್ಡರನ್ನು ಮಾತ್ರ ಮುಟ್ಟಲೇಬೇಡಿ, ಅದು ಹೋದರೆ ವಿಂಡೋಸ್ ಏಳುವುದಿಲ್ಲ.

ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಬೇರೆಯೇ ವಿಷಯ. ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದಲ್ಲಿ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್’ ಸಾಲು ಸೇರಿಸಿ (ಸಮಚಿಹ್ನೆಯವರೆಗೆ ದೊಡ್ಡಕ್ಷರ, ‘ಫಾಲ್ಸ್’ ಸಣ್ಣಕ್ಷರ), ಮತ್ತೆ ಅಪ್‌ಡೇಟ್-ಗ್ರಬ್ ಓಡಿಸಿ.

ವಿಂಡೋಸ್ ರಿಪೇರಿ ಡಿಸ್ಕಿನಿಂದ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಓಡಿಸಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದೀತು. ಅದು ಹಳೆಯ ಬಯೋಸ್ ಪದ್ಧತಿಯ ಮದ್ದು. ಯುಇಎಫ್‌ಐ ಯಂತ್ರ ಬೂಟ್ ಆಗುವಾಗ ಎಂಬಿಆರ್‌ನ (ಡಿಸ್ಕಿನ ಮೊದಲ ಸೆಕ್ಟರಿನ) ಬೂಟ್ ಕೋಡನ್ನು ಓದುವುದೇ ಇಲ್ಲ.