ಪ್ರತಿಕ್ರಿಯೆ: ಉಗಿದವರೇ ಪ್ರಚಾರ ಮಾಡಿಕೊಟ್ಟರು

ವಿಮರ್ಶಕರು ಹೇಸಿಗೆ ಅಂದ 'ಪಿಂಕ್ ಫ್ಲೆಮಿಂಗೋಸ್' ಚಿತ್ರಕ್ಕೆ ಅಭಿಮಾನಿಗಳು ಹೇಗೆ ಹುಟ್ಟಿಕೊಂಡರು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ಬೈಗುಳವೇ ಅರ್ಧ ಕೆಲಸ ಮಾಡಿತು.

1972ರಲ್ಲಿ ಜಾನ್ ವಾಟರ್ಸ್ ಸುಮಾರು 12 ಸಾವಿರ ಡಾಲರ್‌ನಲ್ಲಿ, ತಮ್ಮೂರು ಬಾಲ್ಟಿಮೋರ್‌ನಲ್ಲೇ ಗೆಳೆಯರನ್ನು ಹಾಕಿಕೊಂಡು ತೆಗೆದ ಚಿತ್ರ ಇದು. ಕತೆ ಇಷ್ಟೇ: ಜಗತ್ತಿನ ಅತ್ಯಂತ ಹೊಲಸು ವ್ಯಕ್ತಿ ಯಾರು ಅನ್ನೋ ಪೈಪೋಟಿ. ಕೊನೆಯಲ್ಲಿ ನಾಯಿ ಕಕ್ಕ ಮಾಡುತ್ತೆ, ಮುಖ್ಯ ಪಾತ್ರ ಮಾಡಿದ ಡಿವೈನ್ ಅದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದರಲ್ಲಿ ಟ್ರಿಕ್ ಏನೂ ಇಲ್ಲ, ನಿಜವಾದದ್ದೇ. (ಊಟ ಮುಗಿಸಿ ಓದ್ತಾ ಇದ್ದೀರಿ ಅಂದ್ಕೊಂಡಿದ್ದೀನಿ.)

ಇಂಥದ್ದನ್ನು ಮನೆಮಂದಿ ಜೊತೆ ಯಾರೂ ನೋಡಲ್ಲ. ನ್ಯೂಯಾರ್ಕ್‌ನ ಎಲ್ಜಿನ್ ಥಿಯೇಟರ್‌ನಲ್ಲಿ ಮಧ್ಯರಾತ್ರಿ ಆಟ ಶುರುವಾದ ಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ವಾಟರ್ಸ್ ಅಂತೂ ಕೆಟ್ಟ ವಿಮರ್ಶೆಗಳನ್ನೇ ಜಾಹೀರಾತಿಗೆ ಬಳಸಿಕೊಂಡರು. 1997ರ ಮರುಬಿಡುಗಡೆಯಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಸ್ಟಾರ್ ಕೊಡೋದಕ್ಕೇ ಒಪ್ಪಲಿಲ್ಲ. ಈ ಚಿತ್ರಕ್ಕೆ ಆ ಅಳತೆಯೇ ಅನ್ವಯಿಸಲ್ಲ ಅಂದರು. ನನಗೆ ಅದೇ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅನ್ನಿಸುತ್ತೆ.

2021ರಲ್ಲಿ ಮುಂದಿನ ಪೀಳಿಗೆಗೆ ಕಾಪಾಡಿಡಬೇಕಾದ ಚಿತ್ರಗಳನ್ನು ಗುರುತಿಸುವ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು. ಆದರೂ ಮಧ್ಯದ ಅರ್ಧ ಗಂಟೆ ಶುದ್ಧ ಬೋರು, ಅಭಿಮಾನಿಗಳು ಬೈದರೂ ಪರವಾಗಿಲ್ಲ.