ಸಂಗೀತ ವಿಮರ್ಶಕರು ವರ್ಷದ ಮೆಚ್ಚಿನ ಆಲ್ಬಮ್‌ಗಳನ್ನು ಹೇಗೆ ಆರಿಸುತ್ತಾರೆ?

ಒಬ್ಬೊಬ್ಬರದು ಒಂದೊಂದು ರೀತಿ. ಆದರೆ ಮೆಚ್ಚುಗೆಯನ್ನು ಅಳೆಯುವ ಒಂದು ಒಳ್ಳೆಯ ಲೆಕ್ಕ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯ ‘ಪ್ಯಾಜ್ ಅಂಡ್ ಜಾಪ್’ ಸಮೀಕ್ಷೆಯಲ್ಲಿತ್ತು. 1971ರಲ್ಲಿ ಶುರುವಾದ ಸಮೀಕ್ಷೆ ಅದು. ಪ್ರತಿ ವಿಮರ್ಶಕರೂ ಹತ್ತು ಆಲ್ಬಮ್‌ಗಳಿಗೆ ಒಟ್ಟು 100 ಅಂಕ ಹಂಚಬೇಕಿತ್ತು. ಒಂದಕ್ಕೆ 30ಕ್ಕಿಂತ ಜಾಸ್ತಿ ಕೊಡುವಂತಿಲ್ಲ, 5ಕ್ಕಿಂತ ಕಡಿಮೆಯೂ ಇಲ್ಲ. ನನಗೆ ಈ ಪದ್ಧತಿ ತುಂಬಾ ಇಷ್ಟ. ಸುಮ್ನೆ ಒಂದನೇ ಜಾಗ, ಎರಡನೇ ಜಾಗ ಅಂತ ಬರೆದರೆ ಎರಡರ ನಡುವೆ ಎಷ್ಟು ಅಂತರ ಇದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಪೂರ್ತಿ 30 ಕೊಟ್ಟಿದ್ದಾರೆ ಅಂದರೆ ಆ ಆಲ್ಬಮ್ ಅವರ ಮನಸ್ಸಿಗೆ ನಾಟಿದೆ ಎಂದೇ ಅರ್ಥ.

ಇನ್ನೊಂದು ವಿಷಯ ಸಮಯದ್ದು. ಬಹಳಷ್ಟು ಪಟ್ಟಿಗಳು ಡಿಸೆಂಬರ್ ಶುರುವಿನಲ್ಲೇ ಹೊರಬೀಳುತ್ತವೆ. ಆಮೇಲೆ ಬಂದ ಒಳ್ಳೆಯ ಕೆಲಸ ತಪ್ಪಿಹೋಗುತ್ತದೆ. ಅಮೆರಿಕದ ಗಾಯಕ ಡಿಏಂಜೆಲೋ ಅವರ ‘ಬ್ಲ್ಯಾಕ್ ಮೆಸ್ಸಾಯ’ ಆಲ್ಬಮ್ ಬಂದಿದ್ದು 2014ರ ಡಿಸೆಂಬರ್ 15ರಂದು. ಅಷ್ಟರಲ್ಲಿ ಎಷ್ಟೋ ಪಟ್ಟಿಗಳು ಮುಗಿದಿದ್ದವು. ಆದರೆ ಜನವರಿಯಲ್ಲಿ ಬಂದ ಪ್ಯಾಜ್ ಅಂಡ್ ಜಾಪ್ ಫಲಿತಾಂಶದಲ್ಲಿ ಅದಕ್ಕೇ ಮೊದಲ ಸ್ಥಾನ! ಹಾಗಾಗಿ ಯಾವ ಪಟ್ಟಿ ಓದಿದರೂ ಅದು ಯಾವ ದಿನ ಬಂದಿದೆ ಅಂತ ಮೊದಲು ನೋಡಿ.