ಅಳಿಯನ ಷೋಕೇಸಿಗೋ, ಡ್ರೈವರ್ ಮಗಳ ಕೈಗೋ?

ಪ್ರಶ್ನೆ: ನನಗೆ 71 ವರ್ಷ. ಸಣ್ಣ ಕಾಫಿ ತೋಟವಿದೆ. ಎಂಬತ್ತರ ದಶಕದ ಕೊನೆಗೆ ಕಾಫಿ ಮಾರಿದ ದುಡ್ಡಲ್ಲಿ ಕೊಂಡ ನಿಕಾನ್ ಎಫ್‌ಎಂ2 ಕ್ಯಾಮೆರಾ ಈಗಲೂ ಸುಸ್ಥಿತಿಯಲ್ಲಿದೆ. ಹುತ್ತರಿ ಕೋಲಾಟ, ತಲಕಾವೇರಿ ಜಾತ್ರೆ, ಮಗಳ ಬಾಲ್ಯ ಎಲ್ಲವನ್ನೂ ಅದರಲ್ಲೇ ತೆಗೆದೆ. ಈಗ ಕಣ್ಣು ಮಂಜು, ಫೋಕಸ್ ಸಿಗುವುದಿಲ್ಲ. ಬೆಂಗಳೂರಿನ ಅಳಿಯ ಹೊಸ ಮನೆಯ ಷೋಕೇಸಿಗೆ ಅದನ್ನು ಕೇಳಿದ್ದಾರೆ. ನಮ್ಮ ಜೀಪ್ ಡ್ರೈವರ್ ಮಗಳು ಮಡಿಕೇರಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ, ಫಿಲ್ಮ್ ಫೋಟೊ ಎಂದರೆ ಹುಚ್ಚು. ಅವಳಿಗೆ ಕೊಡುವ ಮನಸ್ಸು ನನ್ನದು. ತಿಂಗಳಿಗೊಮ್ಮೆ ತಂದು ತೋರಿಸಬೇಕು, ಮಳೆಗೆ ಒಯ್ಯಬಾರದು, ಯಾವತ್ತೂ ಮಾರಬಾರದು ಎಂದು ಮಾತು ತೆಗೆದುಕೊಂಡು ಕೊಡಲೇ? ಅಳಿಯನಿಗೆ ಏನು ಹೇಳಲಿ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಪೂರ್ತಿ ಪತ್ರ ನಾಲ್ಕು ಪುಟದ್ದು. ಇಲ್ಲಿ ಅದನ್ನು ಕತ್ತರಿಸಿ ಹಾಕಿದ್ದೇನೆ, ಬೇಸರಿಸಬೇಡಿ. ಆ ನಾಲ್ಕು ಪುಟದಲ್ಲಿ ಕ್ಯಾಮೆರಾ ಬಗ್ಗೆ ಮೂರು ಪುಟ, ಅಳಿಯನ ಬಗ್ಗೆ ಹೆಚ್ಚೂಕಡಿಮೆ ಒಂದು ಪುಟ. ಹುಡುಗಿಯ ಬಗ್ಗೆ ಎರಡೇ ಸಾಲು, ಅದರಲ್ಲಿ ಒಂದು ಸಾಲು ಅವಳಪ್ಪನ ಬಗ್ಗೆ. ಯಾರಿಗೆ ಕೊಡಬೇಕೆಂದು ನೀವು ಆಗಲೇ ನಿರ್ಧರಿಸಿದ್ದೀರಿ. ಕೊಟ್ಟ ಮೇಲೂ ಅದು ನಿಮ್ಮದೇ ಆಗಿರಬೇಕು ಅನ್ನುವುದೊಂದು ಬಾಕಿ ಉಳಿದಿದೆ.

ಷರತ್ತುಗಳನ್ನೇ ನೋಡಿ. ಕೊಡಗಿನಲ್ಲಿ ಕೂತು ‘ಮಳೆಗೆ ಒಯ್ಯಬಾರದು’ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲೇಬಾರದು ಎಂದಾಯಿತು. ತಿಂಗಳಿಗೊಮ್ಮೆ ತೋರಿಸು ಎಂದರೆ, ಅವಳ ಅಪ್ಪ ನಿಮ್ಮಲ್ಲಿ ಕೆಲಸಕ್ಕಿರುವಾಗ, ಅದು ಹಾಜರಿ ಹಾಕಿದ ಹಾಗೆ. ಫೋಟೊ ಚೆನ್ನಾಗಿ ಬಂದರೆ ಅವಳೇ ಓಡಿ ಬಂದು ತೋರಿಸುತ್ತಾಳೆ. ಬರದಿದ್ದ ತಿಂಗಳು ಯಾಕೆ ಬರಲಿಲ್ಲ ಎಂದು ನೀವು ಅವಳಪ್ಪನನ್ನು ಜೀಪಿನಲ್ಲಿ ಕೇಳುವುದು ಬೇಡ. ಮಾರಬಾರದು ಎನ್ನುವುದು ಮೂರರಲ್ಲಿ ಕಠಿಣವಾದದ್ದು. ನಾಳೆ ಅವಳಿಗೆ ಫೀಸ್ ಕಟ್ಟಲು ದುಡ್ಡಿಲ್ಲದೆ ಕ್ಯಾಮೆರಾ ಮಾರಿದಳು ಅನ್ನಿ, ಆಗಲೂ ಅದು ಅವಳ ಉಪಯೋಗಕ್ಕೇ ಬಂದಂತಲ್ಲವೇ? ಇಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಕೊಡಬೇಡಿ, ‘ಒಂದು ವರ್ಷಕ್ಕೆ ಎರವಲು’ ಎಂದು ಬಾಯಿಬಿಟ್ಟು ಹೇಳಿಯೇ ಕೊಡಿ. ಎರವಲಿಗೆ ಷರತ್ತು ಹಾಕಬಹುದು.

ಕೊಡುವುದಾದರೆ, ನಿಮ್ಮ ಪತ್ರದಲ್ಲಿ ಎಲ್ಲೂ ಬಾರದ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಎಷ್ಟೋ ತೋಟದ ಮನೆಗಳಲ್ಲಿ ಒಂದು ವಸ್ತು ಕಾಣಿಸದಿದ್ದರೆ ಮೊದಲ ಅನುಮಾನ ಯಾರ ಮೇಲೆ ಬೀಳುತ್ತದೆ ಎನ್ನುವುದು ನಿಮಗೂ ಗೊತ್ತು. ನಾಲ್ಕು ವರ್ಷದ ಮೇಲೆ ಯಾರೋ ನೆಂಟರು ‘ಆ ನಿಕಾನ್ ಎಲ್ಲಿ ಹೋಯಿತು’ ಎಂದು ಕೇಳಿದಾಗ ಉತ್ತರ ಹೇಳಲು ನೀವು ಮನೆಯಲ್ಲೇ ಇರುತ್ತೀರೆಂದು ಹೇಗೆ ಹೇಳುವುದು? ಅದಕ್ಕೇ ಗುಟ್ಟಾಗಿ ಕೊಡಬೇಡಿ. ಮನೆಯವರ ಎದುರಲ್ಲೇ, ಅವಳ ಅಪ್ಪ ಅಮ್ಮನನ್ನೂ ಕರೆದು ಕೂರಿಸಿ ಕೊಡಿ. ಬಾಡಿಯ ಹಿಂಬದಿಯಲ್ಲಿ ಕೆತ್ತಿರುವ ನಂಬರನ್ನು ಒಂದು ಹಾಳೆಯಲ್ಲಿ ಬರೆದು, ‘ಸ್ವಂತ ಇಷ್ಟದಿಂದ ಕೊಟ್ಟಿದ್ದೇನೆ’ ಎಂದು ಸಹಿ, ತಾರೀಕು ಹಾಕಿ ಅವಳ ಕೈಗಿಡಿ. ನಿಮ್ಮ ಹೆಂಡತಿಯ ಸಹಿಯೂ ಇರಲಿ. ಮೂರೂ ಷರತ್ತಿಗಿಂತ ಈ ಹಾಳೆ ಅವಳಿಗೆ ಹೆಚ್ಚು ಉಪಕಾರ ಮಾಡುತ್ತದೆ.

ಅಳಿಯನ ವಿಷಯ ನೀವು ಅಂದುಕೊಂಡಷ್ಟು ಬಿಗಿಯಾಗಿಲ್ಲ. ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3 ಕೂಡ ಇದೆ, ಮುಟ್ಟದೆ ವರ್ಷಗಳಾದವು ಎಂದು ಬರೆದಿದ್ದೀರಿ. ‘120’ ಎಂಬ ಅಗಲ ಫಿಲ್ಮಿನ ಒಂದು ರೋಲಿಗೆ ಹನ್ನೆರಡೇ ಚೌಕ ಫೋಟೊ ಕೊಡುತ್ತಿದ್ದ ಆ ಪೆಟ್ಟಿಗೆ ಷೋಕೇಸಿಗೆ ಹೇಳಿ ಮಾಡಿಸಿದ್ದು, ಬಂದವರು ನಿಕಾನಿಗಿಂತ ಅದನ್ನೇ ಎತ್ತಿ ನೋಡುತ್ತಾರೆ. ಜೊತೆಗೆ ನಿಮ್ಮ ನೆಗೆಟಿವ್‌ಗಳಲ್ಲಿ ಮಗಳ ಚಿಕ್ಕಂದಿನದೊಂದನ್ನು ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಡಿ. ಆದರೆ ಮೊದಲು ಮಗಳಿಗೆ ಹೇಳಿ, ಆಮೇಲೆ ಅಳಿಯನಿಗೆ, ಅದೂ ಕ್ಯಾಮೆರಾ ಕೈಬದಲಾಗುವ ಮುಂಚೆ. ‘ನಿಕಾನನ್ನು ಓಡಿಸುವವರ ಕೈಗೆ ಕೊಡುತ್ತಿದ್ದೇನೆ’ ಎಂದರೆ ಸಾಕು. ಸಮಜಾಯಿಷಿ ಉದ್ದವಾದಷ್ಟೂ ತಪ್ಪು ಮಾಡಿದವರಂತೆ ಕೇಳಿಸುತ್ತದೆ.

ಕ್ಯಾಮೆರಾದ ಕಡೆಯಿಂದಲೂ ಒಂದು ಮಾತು. ಎಫ್‌ಎಂ2ನ ಷಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ, ಪೂರ್ತಿ ಯಾಂತ್ರಿಕ. ಸೆಲ್ ಇಲ್ಲದೆಯೂ ಸೆಕೆಂಡಿನ 4000ನೇ ಒಂದು ಭಾಗದವರೆಗೆ ಓಡುತ್ತದೆ, ಎರಡು ಪುಟ್ಟ ಸೆಲ್ ಬೇಕಾದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಇಂಥ ಯಂತ್ರ ವರ್ಷಗಟ್ಟಲೆ ಸುಮ್ಮನೆ ಕೂತರೆ ಒಳಗಿನ ಗ್ರೀಸ್ ಗಟ್ಟಿಯಾಗಬಹುದು, ಆಗ ಷಟರಿನ ನಿಧಾನದ ವೇಗಗಳು ಇನ್ನೂ ನಿಧಾನವಾಗುತ್ತವೆ. ಕೊಡುವ ಮುಂಚೆ ಹಿಂಬಾಗಿಲು ತೆರೆದು, ಬೆಳಕು ತಡೆಯುವ ಕಪ್ಪು ಫೋಮ್ ಜಿಗುಟಾಗಿದೆಯೇ ನೋಡಿ, ಆಗಿದ್ದರೆ ಬದಲಾಯಿಸಿ ಕೊಡಿ. ಒಂದೆರಡು ಕಪ್ಪು-ಬಿಳುಪು ರೋಲ್ ಕೂಡ ಇರಲಿ. ನಿಮ್ಮ ಕಾಲದಲ್ಲಿ ಊಟಿಯಿಂದ ‘ಇಂದು’ ಹೆಸರಿನ ಫಿಲ್ಮ್ ಬರುತ್ತಿತ್ತು, ಇವತ್ತಿನ ಫಿಲ್ಮಿನ ಬೆಲೆ ವಿದ್ಯಾರ್ಥಿಗೆ ಭಾರ. ಕಪ್ಪು-ಬಿಳುಪನ್ನು ಒಂದು ಡೆವಲಪಿಂಗ್ ಟ್ಯಾಂಕ್ ಇದ್ದರೆ ಬಚ್ಚಲುಮನೆಯಲ್ಲೇ ತೊಳೆದುಕೊಳ್ಳಬಹುದು. ಅದನ್ನು ನೀವೇ ಕಲಿಸಿ, ಅದಕ್ಕೆ ಕಣ್ಣು ಅಷ್ಟೇನೂ ಬೇಡ.

ಕಲಿಸುವುದು ಇನ್ನೂ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ರೊಬಸ್ಟಾ ತೋಟ ಬೆಳ್ಳಗಾದಾಗ, ಮೀಟರಿನ ಮಾತನ್ನೇ ನಂಬಿದರೆ ಹೂವೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಟಾಪಾದರೂ ಹೆಚ್ಚು, ಅಂದರೆ ಕನಿಷ್ಠ ಎರಡರಷ್ಟು, ಬೆಳಕು ಕೊಡಬೇಕು. ನೆರಳುಮರದಡಿಯ ಚುಕ್ಕೆ ಬಿಸಿಲಿನಲ್ಲಿ ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಎನ್ನುವುದು ನಿಮಗೆ ಕೈವಶವಾಗಿರುತ್ತದೆ. ಬಂದು ಕೇಳಿದಾಗ ಹೇಳಿಕೊಡಿ. ತೆಗೆದ ಫೋಟೊ ನಿಮಗೆ ಇಷ್ಟವಾಗದಿದ್ದರೆ ‘ನಾನಾಗಿದ್ದರೆ’ ಎಂದು ಶುರುಮಾಡಬೇಡಿ, ಅಷ್ಟು ಸಾಕು.

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ, 135 ಎಂಎಂ ಲೆನ್ಸ್ ಒಂದನ್ನು ಮಾತ್ರ ನಾನಿಟ್ಟುಕೊಳ್ಳಲೇ ಎಂದು ಕೇಳಿದ್ದೀರಿ. ಇಟ್ಟುಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. 50 ಎಂಎಂ ಇದ್ದರೆ ಅವಳ ಕಲಿಕೆಗೆ ಧಾರಾಳವಾಯಿತು. ಆದರೆ ಚರ್ಮದ ಕೇಸಿನಿಂದ ಅದನ್ನು ಇವತ್ತೇ ಹೊರಗೆ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ನಿಮ್ಮೂರ ಮಳೆಗೆ ಗಾಜಿನ ಮೇಲೆ ಫಂಗಸ್ ಕೂರಲು ಹೆಚ್ಚು ದಿನ ಬೇಡ.